ಅಡವೆಪ್ಪನ ಇಸುಬು

ಹೊಳೆದಂಡೆಯ ಆ ಆಶ್ರಮಕ್ಕೆ ನೀಲಮ್ಮನವರು ಗುರು. ಶಿಷ್ಯರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಅಡವೆಪ್ಪನೆಂಬ ಶಿಷ್ಯ ತನ್ನ ಬಟ್ಟೆಯ ಗಂಟು ಹಿಡಿದು ಅವರ ಮುಂದೆ ನಿಂತ.

"ಅಪ್ಪಣೆ ಕೊಡಿ ಅವ್ವಾ. ಹೊರಡುತ್ತೇನೆ."

"ಯಾಕಪ್ಪಾ?"

ಅವನು ತೋಳು ಚಾಚಿದ. ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಟ್ಟಿ ಬಿರಿದಿತ್ತು. ಅಲ್ಲಲ್ಲಿ ನೀರು ಒಸರುತ್ತಿತ್ತು.

"ಚಿಕ್ಕಂದಿನ ಇಸುಬು. ಧ್ಯಾನಕ್ಕೆ ಕೂತರೆ ಮನಸ್ಸೆಲ್ಲ ಇಲ್ಲೇ. ಚರ್ಮವನ್ನೇ ಹಿಡಿತದಲ್ಲಿ ಇಡಲಾರದವನು ಮನಸ್ಸನ್ನು ಏನು ಹಿಡಿದೇನು?"

"ತುರಿಕೆ ಬಂದಾಗ ಏನು ಮಾಡುತ್ತೀ?"

"ಹಲ್ಲು ಕಚ್ಚಿ ತಡೆಯುತ್ತೇನೆ."

"ತಡೆದರೆ?"

"ಹೆಚ್ಚಾಗುತ್ತದೆ."

"ಆಮೇಲೆ?"

"ಕೆರೆದುಬಿಡುತ್ತೇನೆ. ಆಗ ಸ್ವರ್ಗ. ಸ್ವಲ್ಪ ಹೊತ್ತಿಗೆ ಉರಿ, ರಕ್ತ."

"ತಡೆಯುವುದು ಗೊತ್ತು, ಕೆರೆಯುವುದು ಗೊತ್ತು. ಇನ್ನೊಂದು?"

"ಇನ್ನೊಂದು ಇದೆಯೇ ಅವ್ವಾ?"

ನೀಲಮ್ಮನವರು ಹಳೆಯ ಸೀರೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅವನ ತೋಳಿನ ಮೇಲೆ ಹಾಸಿದರು. ಉಜ್ಜಲಿಲ್ಲ, ಒತ್ತಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತರು.

ಹೊಳೆಯ ಮೇಲಿನ ಮಂಜು ಕರಗಿತು.

"ಈಗ?"

"ಇದೆ. ಆದರೆ ಕೂಗುತ್ತಿಲ್ಲ."

"ಬಾ, ಊಟ ಮಾಡಿ ಹೋಗುವೆಯಂತೆ."

ಪಂಕ್ತಿಯಲ್ಲಿ ಅಡವೆಪ್ಪ ಕೂತೊಡನೆ, ಪಕ್ಕದಲ್ಲಿದ್ದ ಹಿರಿಯ ಶಿಷ್ಯ ಮರುಳಯ್ಯ ತಟ್ಟೆ ಎತ್ತಿಕೊಂಡು ದೂರ ಸರಿದ. ದಿನವೂ ಸರಿಯುತ್ತಿದ್ದ. ಆಶ್ರಮ ಬಿಡಲು ಅದೂ ಒಂದು ಕಾರಣ. ಅಡವೆಪ್ಪ ಗುರುವಿನ ಮುಂದೆ ಅದನ್ನು ಬಾಯಿಬಿಟ್ಟಿರಲಿಲ್ಲ.

ನೀಲಮ್ಮನವರು ಆ ತೆರವಾದ ಜಾಗದಲ್ಲಿ ಕೂತರು. ಅಡವೆಪ್ಪನ ತಟ್ಟೆಯಿಂದಲೇ ರೊಟ್ಟಿ ಮುರಿದು ಬಾಯಿಗಿಟ್ಟರು.

ಮರುಳಯ್ಯ ಗಾಬರಿಯಾದ. "ಅವ್ವಾ, ಅದು ಹತ್ತುವ ರೋಗ!"

"ಇಸುಬು ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಮರುಳಯ್ಯ. ಹೇಸಿಗೆ ಹತ್ತುತ್ತದೆ. ನಿನ್ನದು ಇವನಿಗೆ ಆಗಲೇ ಹತ್ತಿದೆ, ನೋಡು."

ಸ್ವಲ್ಪ ಹೊತ್ತಿನ ಮೇಲೆ ಮರುಳಯ್ಯ ಎದ್ದು ಬಂದು ಅಡವೆಪ್ಪನ ಇನ್ನೊಂದು ಬದಿಗೆ ಕೂತ.

ಅಡವೆಪ್ಪ ಗಂಟು ಬಿಚ್ಚಿದ.

ಗುರು ಅವನನ್ನು ಪಟ್ಟಣದ ಚರ್ಮವೈದ್ಯರ ಬಳಿ ಕಳಿಸಿದರು. ವೈದ್ಯರು ಮುಲಾಮು ಕೊಟ್ಟು, ಯಾವಾಗ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಸಿದರು. ಅಡವೆಪ್ಪ ಸುಡುನೀರು ಹೊಯ್ದುಕೊಂಡು ತೆಂಗಿನ ನಾರಿನಿಂದ ತಿಕ್ಕುವುದನ್ನು ಬಿಟ್ಟ. ಉಗುರುಬೆಚ್ಚಗಿನ ನೀರಲ್ಲಿ ಬೇಗನೆ ಮಿಂದ. ಮೈಯ ಪಸೆ ಆರುವ ಮೊದಲೇ ವೈದ್ಯರು ಹೇಳಿದ ಜಿಡ್ಡು ಸವರಿದ. ಉಗುರು ಬೆಳೆಯಗೊಡಲಿಲ್ಲ. ಚುಚ್ಚುವ ಕಂಬಳಿಯ ಒಳಗೆ ಹತ್ತಿಯ ಬಟ್ಟೆ ಹೊದ್ದ. ಸಿಟ್ಟು ಬಂದ ದಿನ ತುರಿಕೆ ಜಾಸ್ತಿ ಎಂಬುದೂ ಅವನ ಗಮನಕ್ಕೆ ಬಂತು.

ಬೇಸಿಗೆಯ ಹೊತ್ತಿಗೆ ತೋಳು ನಯವಾಯಿತು.

"ತಪಸ್ಸು ಫಲಿಸಿತು," ಎಂದು ಅವನು ಹೊಸಬರಿಗೆ ತೋಳು ತೋರಿಸತೊಡಗಿದ. ಜಿಡ್ಡು ಸವರುವುದನ್ನು ಬಿಟ್ಟ.

ನೀಲಮ್ಮನವರ ಕಿವಿಗೆ ಬಿತ್ತು. ಅವರು ಒಮ್ಮೆ, "ಬಿಡಬೇಡ," ಎಂದರು. ಅವನು ನಕ್ಕ. ಅವರು ಮತ್ತೆ ಹೇಳಲಿಲ್ಲ.

ಕಾರ್ತಿಕ ಕಳೆಯುತ್ತಲೇ ಇಸುಬು ಮರಳಿತು. ಅಡವೆಪ್ಪ ಉದ್ದ ತೋಳಿನ ಅಂಗಿ ತೊಟ್ಟು, ಗುರುವಿನ ಕಣ್ಣು ತಪ್ಪಿಸಿ ಓಡಾಡಿದ.

ಒಂದು ಸಂಜೆ ಅವರೇ ಅವನ ಕೋಣೆಗೆ ಬಂದರು.

"ತೋಳು ತೋರಿಸು."

ಅವನು ಅಂಗಿ ಮಡಿಚಿದ. ಬಟ್ಟೆ ಗಾಯಕ್ಕೆ ಅಂಟಿತ್ತು. ಬಿಡಿಸುವಾಗ ಕಣ್ಣಲ್ಲಿ ನೀರು ಬಂತು.

"ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯಿತು ಅವ್ವಾ. ಇದು ಪೂರ್ತಿ ಹೋಗುವುದೇ ಇಲ್ಲವೇ?"

"ಹೋದರೂ ಹೋದೀತು. ನನಗೆ ತಿಳಿಯದು."

"ಹಾಗಾದರೆ ನಾನು ಸೋತೆ."

ಹೊರಗೆ ಗಾಳಿ ಎದ್ದಿತ್ತು. ನೀಲಮ್ಮನವರು ಸೆರಗು ಹೊದ್ದುಕೊಂಡರು.

"ಚಳಿಯೂ ಮತ್ತೆ ಬಂದಿದೆ ಅಡವೆಪ್ಪ. ಅದನ್ನು ಯಾರೂ ಸೋಲು ಅನ್ನುವುದಿಲ್ಲ. ಎದ್ದು ಬಾಗಿಲು ಹಾಕುತ್ತಾರೆ."