ಚೆನ್ನವೀರ ಬರೆದ ಹೆಡರ್ ಫೈಲು

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಜಪಕ್ಕಿಂತ ಕೀಬೋರ್ಡಿನ ಸದ್ದೇ ಹೆಚ್ಚು.

ಗುರುಗಳು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಶಿಷ್ಯರಲ್ಲಿ ಚೆನ್ನವೀರ ಜಾಣ. ತಾನು ಜಾಣ ಅನ್ನುವುದು ಅವನಿಗೆ ಸ್ವಲ್ಪ ಬೇಗ ಗೊತ್ತಾಗಿಬಿಟ್ಟಿತ್ತು.

ಎರಡು ವರ್ಷ ಕೂತು ಅವನೊಂದು ಲೈಬ್ರರಿ ಬರೆದ. ಅದು ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಬೇರೆಯವರ ಯಂತ್ರದೊಳಗೆ ಸೇರಿಕೊಂಡು ಕೆಲಸ ಮಾಡುವಂಥದ್ದು. ತಕ್ಕಡಿಯ ಮೇಲೆ ಕೂಸು ಎಷ್ಟೇ ಒದ್ದಾಡಲಿ, ಕುಣಿಯುವ ಅಂಕಿಗಳ ನಡುವೆ ನಿಜವಾದ ತೂಕ ಹುಡುಕಿ ಕೊಡುತ್ತಿತ್ತು. ಅದಕ್ಕೆ ‘ತೊಟ್ಟಿಲು’ ಎಂದು ಹೆಸರಿಟ್ಟಿದ್ದ.

ಲೈಬ್ರರಿಗೊಂದು ಹೆಡರ್ ಫೈಲು. ಒಳಗೆ ಏನೇನು ಸಿಗುತ್ತದೆ, ಹೇಗೆ ಕೇಳಬೇಕು ಎಂದು ಹೊರಗಿನವರಿಗೆ ಹೇಳುವ ಪುಟ ಅದು. ಚೆನ್ನವೀರ ಅದನ್ನು ಕೊನೆಯ ದಿನ, ಊಟಕ್ಕೆ ಏಳುವ ಮುಂಚೆ, ಗೀಚಿ ಮುಗಿಸಿದ್ದ.

ಒಂದು ಬೆಳಿಗ್ಗೆ ದ್ಯಾಮವ್ವ ಬಂದಳು. ಪೇಟೆಯಲ್ಲಿ ಅಂಕಿ ತೋರಿಸುವ ತಕ್ಕಡಿ ಮಾಡಿ, ಅದರೊಳಗಿನ ಪ್ರೋಗ್ರಾಮನ್ನೂ ತಾನೇ ಬರೆದು ಮಾರುವವಳು. ಒಂದು ಕಂಕುಳಲ್ಲಿ ತಕ್ಕಡಿ, ಇನ್ನೊಂದರಲ್ಲಿ ಏಳು ತಿಂಗಳ ಮಗ.

"ಅಜ್ಜಾರ, ನಾಳೆ ಹನ್ನೆರಡು ಅಂಗನವಾಡಿಯೊಳಗ ಕೂಸುಗಳ ತೂಕ ಐತಿ," ಎಂದಳು. "ಒದ್ದಾಡೋ ಕೂಸಿಗೆ ನನ್ನ ತಕ್ಕಡಿ ಹೆಚ್ಚು ತೋರಸ್ತೈತಿ. ಸೊರಗಿದ ಕೂಸಿಗೂ ಗಟ್ಟಿ ಐತಿ ಅಂತ ಬರಕೋತಾರ. ಅದರ ಪಾಲಿನ ತತ್ತಿ, ಹಾಲು ಹೋಗಿಬಿಡ್ತೈತಿ. ನಾಲ್ಕರ ಬಸ್ಸಿಗೆ ನಾ ಹೊಂಟೆ. ಅಷ್ಟರಾಗ ನಿಮ್ಮ ತೊಟ್ಟಿಲು ಇದರೊಳಗ ಕುಂದರತೈತೇನು?"

"ಹತ್ತು ನಿಮಿಷ ಸಾಕು," ಎಂದ ಚೆನ್ನವೀರ.

ಒಂದು ತಾಸಾಯಿತು. ಪರದೆಯ ತುಂಬ ನಲವತ್ತು ತಪ್ಪುಗಳು.

ಚೆನ್ನವೀರನಿಗೆ ಕೋಪ ಬಂತು. ತಪ್ಪು ಮಾಡಿದವರಿಗೆ ಮೊದಲು ಬರುವುದು ಅದೇ.

"ನಿಮ್ಮ ಯಂತ್ರವೇ ಸರಿಯಿಲ್ಲ, ಅಕ್ಕ. ತೀರಾ ಸಣ್ಣದು. ದೊಡ್ಡದು ತನ್ನಿ."

"ದೊಡ್ಡದು ತರೂ ಹಂಗಿದ್ರ ಈ ಬಿಸಲಾಗ ನಿನ್ನ ಹತ್ರ ಯಾಕ ಬರ್ತಿದ್ದೆ, ತಮ್ಮಾ?"

ಗುರುಗಳು ಬಂದು ಪಕ್ಕದಲ್ಲಿ ಕೂತರು. ಚೆನ್ನವೀರನ ಕಂಪ್ಯೂಟರಿನಲ್ಲೇ ಒಂದು ಖಾಲಿ ಫೈಲು ತೆರೆದರು. ಅದರಲ್ಲಿ ಒಂದೇ ಸಾಲು ಬರೆದರು: ಚೆನ್ನವೀರನ ಹೆಡರ್ ಬರಲಿ, ಅಷ್ಟೇ.

"ಓಡಿಸು."

ಓಡಿಸಿದ. ‘ಇದು ಗೊತ್ತಿಲ್ಲ, ಅದು ಗೊತ್ತಿಲ್ಲ’ ಎಂದು ಇಪ್ಪತ್ತು ತಪ್ಪುಗಳು.

"ಇಲ್ಲಿ ದ್ಯಾಮವ್ವನ ಯಂತ್ರ ಇದೆಯೇ?" ಎಂದರು ಗುರುಗಳು.

"ಇಲ್ಲ."

"ಅವಳ ಪ್ರೋಗ್ರಾಂ?"

"ಇಲ್ಲ, ಗುರುಗಳೇ."

"ಮತ್ತೆ ಯಾರಿದ್ದಾರೆ?"

ಚೆನ್ನವೀರ ಕಿವಿ ತುರಿಸಿಕೊಂಡ. "ನಾನು ಯಾವಾಗಲೂ ಇದರ ಮುಂಚೆ ನನ್ನದೇ ಇನ್ನೊಂದು ಫೈಲು ಕರೆಯುತ್ತಿದ್ದೆ. ಬೇಕಾದದ್ದೆಲ್ಲ ಅದರಲ್ಲಿತ್ತು."

"ಅವಳಿಗೆ ಹೇಳಿದ್ದೆಯಾ?"

"ನನಗೇ ನೆನಪಿರಲಿಲ್ಲ."

ಅವನು ತಿದ್ದಿದ. ಹೆಡರಿಗೆ ಬೇಕಾದದ್ದನ್ನು ಹೆಡರೇ ಕೇಳಿಕೊಳ್ಳುವಂತೆ ಮಾಡಿದ. ಬೇಡದ್ದನ್ನು, ಅಂದರೆ ತನ್ನ ಕಂಪ್ಯೂಟರಿನ ಪರದೆ, ಕಿಟಕಿ, ಬಣ್ಣಗಳ ಫೈಲುಗಳನ್ನೆಲ್ಲ, ಎತ್ತಿ ಹೊರಗಿಟ್ಟ. ಖಾಲಿ ಫೈಲು ತಕರಾರಿಲ್ಲದೆ ಓಡಿತು.

ದ್ಯಾಮವ್ವನ ಯಂತ್ರ ಮಾತ್ರ ಒಪ್ಪಲಿಲ್ಲ.

"ನಿಮ್ಮ ಪ್ರೋಗ್ರಾಮಿನಲ್ಲಿ ‘ತೂಕ’ ಅಂತ ಒಂದು ಹೆಸರಿದೆ," ಎಂದ ಚೆನ್ನವೀರ. "ನನ್ನದರಲ್ಲೂ ಇದೆ. ಎರಡೂ ಗುದ್ದಾಡುತ್ತಿವೆ. ನಿಮ್ಮದನ್ನು ಬದಲಿಸಿ, ಅಕ್ಕ."

ದ್ಯಾಮವ್ವ ನಕ್ಕಳು. "ಸೊಸಿ ಮನಿಗೆ ಬಂದ ದಿನಾನ ‘ಅತ್ತಿ, ನಿನ್ನ ಹೆಸರು ಬದಲಿ ಮಾಡ್ಕೋ’ ಅಂದಂಗಾತು ನೋಡು."

ಗುರುಗಳೂ ನಕ್ಕರು. "ಹೋಗುವ ಮನೆಯಲ್ಲಿ ಯಾರ್ಯಾರಿದ್ದಾರೋ ನಿನಗೇನು ಗೊತ್ತು, ಮಗಾ? ಮನೆತನದ ಹೆಸರು ಹಚ್ಚಿಕೊಂಡು ಹೋಗು."

ಚೆನ್ನವೀರ ಹೊರಗೆ ಕಾಣುವ ಪ್ರತಿ ಹೆಸರಿನ ಮುಂದೆ ‘ತೊಟ್ಟಿಲು’ ಎಂದು ಸೇರಿಸಿದ. ತೊಟ್ಟಿಲು-ತೂಕ, ತೊಟ್ಟಿಲು-ಶುರು, ತೊಟ್ಟಿಲು-ನಿಲ್ಲು. ಗುದ್ದಾಟ ನಿಂತಿತು.

ಗಂಟೆ ಎರಡಾಗಿತ್ತು. ಇನ್ನೂ ಒಂದು ತಪ್ಪು ಹಟ ಹಿಡಿದು ಕೂತಿತ್ತು: ಯಂತ್ರದೊಳಗಿನ ಗಡಿಯಾರ ಸಿಗುತ್ತಿಲ್ಲ.

"ಇದು ಹೇಗೆ ಸಾಧ್ಯ!" ಎಂದ ಚೆನ್ನವೀರ. "ಯಾವ ಯಂತ್ರವಾದರೆ ಏನು ಮಾಡಬೇಕು ಎಂದು ಹೆಡರಿನಲ್ಲೇ ಬರೆದಿದ್ದೇನೆ. ಇಪ್ಪತ್ಮೂರು ಯಂತ್ರಗಳ ಪಟ್ಟಿ ಇದೆ."

"ಇವಳದ್ದು ಇದೆಯೇ?"

"ಇಲ್ಲ. ಇಪ್ಪತ್ನಾಲ್ಕನೆಯದಾಗಿ ಸೇರಿಸುತ್ತೇನೆ."

"ನಾಳೆ ಇನ್ನೊಬ್ಬಳು ಬಂದರೆ?"

"ಇಪ್ಪತ್ತೈದು."

"ನೀನು ಸತ್ತ ಮೇಲೆ ಬಂದರೆ?"

ಚೆನ್ನವೀರ ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಎಣಿಸಿದ.

ಅಷ್ಟರಲ್ಲಿ ಕೂಸು ಅಳತೊಡಗಿತು. ದ್ಯಾಮವ್ವ ತಂತಿ ಜೋಡಿಸುತ್ತಿದ್ದಳು. ಚೆನ್ನವೀರ ಹೋಗಿ ಕೂಸನ್ನು ಎರಡೂ ರಟ್ಟೆ ಹಿಡಿದು ಎತ್ತಿದ, ಜಾತ್ರೆಯಲ್ಲಿ ಕಲ್ಲಂಗಡಿ ಎತ್ತುವವರ ಹಾಗೆ. ಕೂಸು ಊರಿಗೆಲ್ಲ ಕೇಳುವಂತೆ ಕಿರುಚಿತು.

ಗುರುಗಳು ಎದ್ದರು.

"ಅವ್ವಾ, ನಿನ್ನ ಮಗನನ್ನು ಎತ್ತಿಕೊಳ್ಳಲಾ?"

"ಎತ್ತಿಕೊಳ್ರಿ, ಅಜ್ಜಾರ."

"ಹೇಗೆ ಎತ್ತಿಕೊಂಡರೆ ಅವನಿಗೆ ಇಷ್ಟ?"

"ಎಡಗಡೆ ಹೆಗಲಿಗೆ ಹಾಕ್ಕೊಳ್ರಿ. ಮುಖ ಬಾಗಲ ಕಡೆ ಇರಲಿ. ಹೊರಗ ನೋಡೋದಂದ್ರ ಜೀವ ಅವಗ."

ಗುರುಗಳು ಹಾಗೆಯೇ ಎತ್ತಿಕೊಂಡರು. ಕೂಸು ನದಿ ನೋಡುತ್ತ ಅಳು ಮರೆಯಿತು. ಆಮೇಲೆ ಗುರುಗಳ ಗಡ್ಡ ಹಿಡಿದು ಎಳೆಯಿತು.

"ಎಷ್ಟೋ ಮಕ್ಕಳನ್ನು ಎತ್ತಿ ಆಡಿಸಿದವರು ನೀವು," ಎಂದ ಚೆನ್ನವೀರ. "ನಿಮಗೂ ಕೇಳಬೇಕಾಯಿತೇ?"

"ಇವನನ್ನು ಎತ್ತಿರಲಿಲ್ಲ," ಎಂದರು ಗುರುಗಳು.

ಚೆನ್ನವೀರ ಕೂಸನ್ನೊಮ್ಮೆ, ಪರದೆಯ ಮೇಲಿನ ತನ್ನ ಪಟ್ಟಿಯನ್ನೊಮ್ಮೆ ನೋಡಿದ. ಆಮೇಲೆ ಹೋಗಿ ಕೂತ. ಇಪ್ಪತ್ಮೂರು ಯಂತ್ರಗಳ ಪಟ್ಟಿಯನ್ನು ಅಳಿಸಿದ. ಅಳಿಸುವಾಗ ಅವನ ಮುಖ ನೋಡಬೇಕಿತ್ತು, ಮೊದಲ ಸಲ ಮಗನ ಕೂದಲು ತೆಗೆಸುವ ತಾಯಿಯ ಮುಖದ ಹಾಗಿತ್ತು.

ಅದರ ಜಾಗಕ್ಕೆ ಬೇರೆಯದೇ ಒಂದು ಪುಟ್ಟ ಹೆಡರ್ ಮಾಡಿದ. ಅದರಲ್ಲಿ ಮೂರೇ ಪ್ರಶ್ನೆ, ಮೂರು ಖಾಲಿ ಜಾಗ.

ನಿಮ್ಮ ಯಂತ್ರದಲ್ಲಿ ಒಂದು ಅಂಕಿ ಎಷ್ಟು ದೊಡ್ಡದಿರಬಹುದು? ಹೊತ್ತು ಎಷ್ಟೆಂದು ಯಾರನ್ನು ಕೇಳಲಿ? ನನಗೆಷ್ಟು ಜಾಗ ಕೊಡುತ್ತೀರಿ?

"ಅಕ್ಕ, ಇದನ್ನು ನೀವೇ ತುಂಬಬೇಕು," ಎಂದ.

ದ್ಯಾಮವ್ವ ಓದಿದಳು. "ಇಷ್ಟ ಏನು? ಇದು ನನಗ ಗೊತ್ತಿಲ್ಲದ್ದೇನು? ಮುಂಜಾನೆಯೇ ಕೇಳಿದ್ರ ಆಗ್ತಿತ್ತಲ್ಲೋ ತಮ್ಮಾ!"

ಎರಡು ನಿಮಿಷದಲ್ಲಿ ತುಂಬಿದಳು. ಓಡಿಸಿದಳು. ಒಂದೂ ತಪ್ಪಿಲ್ಲ.

ಕೂಸನ್ನು ತಕ್ಕಡಿಯ ಮೇಲೆ ಕೂರಿಸಿದರು. ಅದು ಒದೆಯಿತು, ಹೊರಳಿತು, ತಂತಿಗೆ ಬಾಯಿ ಹಾಕಲು ನೋಡಿತು. ಅಂಕಿ ಒಂದೆರಡು ಸಲ ತಡಬಡಿಸಿ ನಿಂತಿತು. ಆರು ಕಿಲೋ ನಾನೂರು ಗ್ರಾಂ.

ದ್ಯಾಮವ್ವ ಉಸಿರು ಬಿಟ್ಟಳು. "ಮೊನ್ನೆ ದವಾಖಾನಿಯೊಳಗ ನಿದ್ದಿ ಹತ್ತಿದಾಗ ತೂಗಿದ್ರು. ಇಷ್ಟ ಬಂದಿತ್ತು. ಉಳಿದ ಹನ್ನೊಂದು ತಕ್ಕಡಿಗೂ ಮನಿಯೊಳಗ ಕುಂತು ನಾನ ಹಾಕ್ತೀನಿ."

ಚೆನ್ನವೀರನ ಗಲ್ಲ ಹಿಂಡಿದಳು. ಗುರುಗಳ ಕಾಲಿಗೆ ನಮಸ್ಕರಿಸಿದಳು. ತಕ್ಕಡಿಯನ್ನೂ ಮಗನನ್ನೂ ಎತ್ತಿಕೊಂಡು ಬಸ್ಸಿಗೆ ಓಡಿದಳು.

ಧೂಳು ಇಳಿಯುವವರೆಗೂ ಚೆನ್ನವೀರ ದಾರಿ ನೋಡುತ್ತಿದ್ದ.

"ನಾಲ್ಕು ಸಾವಿರ ಸಾಲು ಬರೆದಿದ್ದೇನೆ, ಗುರುಗಳೇ," ಎಂದ. "ಒಂದನ್ನೂ ತೆಗೆದು ನೋಡಲಿಲ್ಲ. ಬರೀ ಹೆಡರ್ ಓದಿದಳು, ಹೋದಳು."

"ಬೇಜಾರಾಯಿತಾ?"

"ಸ್ವಲ್ಪ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಪಂಕ್ತಿಯಲ್ಲಿ ಕೂತವರು ಎದ್ದು ಅಡುಗೆಮನೆಗೆ ಬರುವುದು ಸಾರು ಕೆಟ್ಟಾಗ ಮಾತ್ರ, ಮಗಾ."