ಕೆಡಿಸಿದ ಶ್ರುತಿ ಕೂಡಿಬಂದದ್ದು

ಪೋಲೆಂಡ್ ದೇಶದಲ್ಲಿ, ವಿಸ್ತುಲಾ ನದಿಯ ದಂಡೆಯ ಒಂದು ಪಟ್ಟಣದ ಪ್ರಧಾನ ಕ್ರೈಸ್ತ ದೇವಾಲಯದಲ್ಲಿ, ಪೂಜ್ಯ ಬ್ರದರ್ ಹಿಯರೊನಿಮರು ಮೂವತ್ತೊಂದು ವರ್ಷ ಗಾಳಿಕೊಳವೆಗಳ ವಾದ್ಯವಾದ ಆರ್ಗನ್ ನುಡಿಸಿದರು. ಗಂಟೆಗೋಪುರದ ಬುಡದ ಕೋಣೆಯೇ ಅವರ ಮನೆ. ಒಂದು ಮಂಚ, ಒಂದು ಶಿಲುಬೆ, ಸ್ವರ ಬರೆದಿಡುವ ಕಾಗದದ ಕಟ್ಟು, ಅಷ್ಟೇ ಆಸ್ತಿ. ಬುಟ್ಟಿ ಹೆಣೆಯುವವರ ಮಗ; ಯಾವ ಸಂಗೀತಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಆದರೂ ಅವರು ರಚಿಸಿದ ಸ್ತುತಿಗೀತೆಗಳನ್ನು ಸಂತೆಯಲ್ಲಿ ಈರುಳ್ಳಿ ಮಾರುವ ಹೆಂಗಸರೂ ಗುನುಗುತ್ತಿದ್ದರು.

ಒಂದು ವಸಂತದಲ್ಲಿ ಅವರ ಕೈಕೆಳಗೆ ಎರಡನೆಯ ವಾದಕನಾಗಿ ತೆಯೊದೋರ್ ವಿಲ್ಚೆಕ್ ಬಂದನು. ವಿಯೆನ್ನಾದಲ್ಲಿ ಆರು ವರ್ಷ ಕಲಿತವನು, ಬೆರಳುಗಳಲ್ಲಿ ಮಿಂಚಿದ್ದವನು. ಬಂದವನೇ ಹೃದಯ ಸುರಿದು ದೇವಾಲಯದ ಬಲಿಪೂಜೆಯಲ್ಲಿ ಹಾಡುವ ಗಾನವೊಂದನ್ನು ರಚಿಸಿ, ಓದಿ ಅಭಿಪ್ರಾಯ ತಿಳಿಸಬೇಕೆಂದು ಬ್ರದರ್ ಅವರ ಕೈಗೆ ಕೊಟ್ಟನು. ತಿಂಗಳುಗಳು ಕಳೆದವು. ಅವರು ಅದರ ಮಾತೇ ಎತ್ತಲಿಲ್ಲ.

ತೆಯೊದೋರನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅವನು ನುಡಿಸಿದರೆ ಜನ ಕೆಮ್ಮುತ್ತಿದ್ದರು, ಬೆಂಚು ಸರಿಸುತ್ತಿದ್ದರು. ಆ ಮುದುಕರು ಊದಿಕೊಂಡ ಬೆರಳುಗಳಿಂದ ನಾಲ್ಕು ಸ್ವರ ಒತ್ತಿದರೆ ಸಾಕು, ಇಡೀ ದೇವಾಲಯ ಕಣ್ಣೊರೆಸಿಕೊಳ್ಳುತ್ತಿತ್ತು. ‘ನಾಲ್ಕೇ ನಾಲ್ಕು ಸ್ವರ! ಅದರಲ್ಲಿ ಅಳುವಂಥದ್ದು ಏನಿದೆ?’ ಎಂದು ಅವನು ಒಳಗೊಳಗೇ ಕುದಿಯುತ್ತಿದ್ದನು. ಬೀದಿಯಲ್ಲಿ ಯಾರಾದರೂ “ನೀವು ಹಿಯರೊನಿಮರ ಶಿಷ್ಯರಲ್ಲವೇ?” ಎಂದು ಕೇಳಿದರೆ ಅವನಿಗೆ ಅಂದಿನ ಊಟ ರುಚಿಸುತ್ತಿರಲಿಲ್ಲ. ಶಿಷ್ಯನಂತೆ, ಶಿಷ್ಯ!

ಜನವರಿಯಲ್ಲಿ, ಬಾಲಯೇಸುವನ್ನು ಕಾಣಲು ಬಂದ ಮೂವರು ಅರಸರ ಹಬ್ಬ ಬಂದಿತು. ಹೊಸ ಧರ್ಮಾಧ್ಯಕ್ಷರು ಮೊದಲ ಬಾರಿಗೆ ಬಲಿಪೂಜೆ ಅರ್ಪಿಸುವವರಿದ್ದರು. ಬ್ರದರ್ ಅವರು ಹೊಸ ಸ್ತುತಿಗೀತೆಯೊಂದನ್ನು ರಚಿಸಿದ್ದರು. ಮೊದಲು ಆರ್ಗನ್ನಿನ ತುತ್ತೂರಿ ಸಾಲು ಮೊಳಗಬೇಕು, ಕೂಡಲೇ ಉಳಿದ ಕೊಳವೆಗಳೆಲ್ಲ ಅದರೊಂದಿಗೆ ದನಿಗೂಡಿಸಬೇಕು. ಈ ತುತ್ತೂರಿ ಕೊಳವೆಗಳೊಳಗೆ ಹಿತ್ತಾಳೆಯ ನಾಲಿಗೆಗಳಿರುತ್ತವೆ. ಒಂದೊಂದಕ್ಕೂ ಶ್ರುತಿಯ ತಂತಿಯಿದೆ. ಕೂದಲೆಳೆಯಷ್ಟು ತಟ್ಟಿದರೂ ಸ್ವರ ಏರುತ್ತದೆ.

ಹಬ್ಬದ ಹಿಂದಿನ ಮಧ್ಯಾಹ್ನ ದೇವಾಲಯ ಖಾಲಿಯಾಗಿತ್ತು. ತೀರ್ಥದ ಬಟ್ಟಲಿನ ನೀರು ಹೆಪ್ಪುಗಟ್ಟುವಷ್ಟು ಚಳಿ. ತೆಯೊದೋರ್ ಶ್ರುತಿ ಮಾಡುವ ಕೊಕ್ಕೆ ಹಿಡಿದು ಏಣಿ ಹತ್ತಿದನು. ಐವತ್ತನಾಲ್ಕು ತಂತಿಗಳನ್ನೂ ಒಂದೊಂದಾಗಿ ತಟ್ಟಿದನು. ಒಂದನ್ನೂ ಬಿಡಲಿಲ್ಲ, ಅಸೂಯೆಗೆ ಅಂಥ ಶ್ರದ್ಧೆಯಿರುತ್ತದೆ. ‘ನಾಳೆ ಧರ್ಮಾಧ್ಯಕ್ಷರೆದುರು ಅಪಸ್ವರ ಹೊರಡಲಿ, ಮುದುಕರ ಕಿವಿ ಹೋಯಿತೆಂದು ಊರೇ ಹೇಳಲಿ’ ಎಂಬುದೊಂದೇ ಅವನ ಪ್ರಾರ್ಥನೆಯಾಗಿತ್ತು.

ಮರುದಿನ ಎರಡು ಸಾವಿರ ಜನ ಸೇರಿದರು. ಕುರಿಚರ್ಮದ ಕೋಟುಗಳು, ಉರಿಯುವ ಮೇಣದ ಬತ್ತಿಗಳು, ಬಿಸಿಯುಸಿರು. ಕಿಟಕಿಯ ಗಾಜಿನ ಮೇಲಿನ ಹಿಮ ಕರಗಿ ತೊಟ್ಟಿಕ್ಕತೊಡಗಿತು. ತೆಯೊದೋರ್ ಆರ್ಗನ್ನಿನ ಪಕ್ಕದಲ್ಲಿ ಕೈಕಟ್ಟಿ ನಿಂತು ಕಾದನು. ಬ್ರದರ್ ಅವರು ಶಿಲುಬೆಯ ಗುರುತು ಮಾಡಿಕೊಂಡು ತುತ್ತೂರಿಯನ್ನು ಮೊಳಗಿಸಿದರು. ಉಳಿದ ಕೊಳವೆಗಳು ದನಿಗೂಡಿಸಿದವು.

ಎಲ್ಲವೂ ಕೂಡಿತು! ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಆ ನಾದಕ್ಕೆ ತೆಯೊದೋರನ ಮೈ ಜುಮ್ಮೆಂದಿತು, ಮರುಗಳಿಗೆಯೇ ಆದದ್ದೇನೆಂದು ಹೊಳೆಯಿತು. ಸೆಕೆ ಏರಿದರೆ ಸಾದಾ ಕೊಳವೆಗಳ ಸ್ವರ ಏರುತ್ತದೆ, ತುತ್ತೂರಿ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆರ್ಗನ್ ಮುಟ್ಟಿದವರೆಲ್ಲ ಕಲಿಯುವ ಮೊದಲ ಪಾಠವದು. ಹೊಟ್ಟೆಯ ಉರಿಯಲ್ಲಿ ಅವನಿಗೆ ಅದೇ ಮರೆತುಹೋಗಿತ್ತು. ಖಾಲಿ ದೇವಾಲಯದ ಚಳಿಯಲ್ಲಿ ಅವನು ಎಷ್ಟು ಏರಿಸಿದ್ದನೋ, ಜನರ ಉಸಿರಿನ ಬಿಸಿಗೆ ಉಳಿದ ಕೊಳವೆಗಳು ಅಷ್ಟೇ ಏರಿ ಬಂದಿದ್ದವು.

ಪೂಜೆಯಾದ ಮೇಲೆ ಧರ್ಮಾಧ್ಯಕ್ಷರೇ ಮೆಟ್ಟಿಲು ಹತ್ತಿ ಬಂದರು. “ಚಳಿಗಾಲದಲ್ಲಿ ಇಷ್ಟು ಶುದ್ಧವಾದ ತುತ್ತೂರಿಯನ್ನು ನಾನು ಎಲ್ಲೂ ಕೇಳಿಲ್ಲ” ಎಂದರು.

“ಏಣಿ ಹತ್ತುವ ಶಕ್ತಿ ನನಗೆ ಉಳಿದಿಲ್ಲ ಸ್ವಾಮಿ. ಶ್ರುತಿ ಮಾಡಿದವನು ಇವನು” ಎಂದು ಹಿಯರೊನಿಮರು ತೆಯೊದೋರನನ್ನು ತೋರಿಸಿದರು. ಧರ್ಮಾಧ್ಯಕ್ಷರು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಜೀವಮಾನವೆಲ್ಲ ಅವನು ಬಯಸಿದ್ದ ಹೊಗಳಿಕೆ ಅದು. ಅಂದು ಆ ಕೈ ಕೆಂಡದಂತೆ ಸುಟ್ಟಿತು.

ಎಲ್ಲರೂ ಇಳಿದು ಹೋದ ಮೇಲೆ ಅವನು ತಡೆದುಕೊಳ್ಳಲಾರದೆ ಹೇಳಿಬಿಟ್ಟನು: “ಬ್ರದರ್, ನಾನು ಶ್ರುತಿ ಮಾಡಿದ್ದಲ್ಲ. ಕೆಡಿಸಬೇಕು ಅಂತಲೇ ತಟ್ಟಿದ್ದು.”

“ಗೊತ್ತಪ್ಪಾ. ಬೆಳಿಗ್ಗೆ ಒಂದು ಸ್ವರ ಒತ್ತಿ ನೋಡಿದೆ. ಆ ಕೊಕ್ಕೆ ಹಿಡಿಯಬಲ್ಲವರು ಈ ಊರಲ್ಲಿ ನಾವಿಬ್ಬರೇ.”

“ಗೊತ್ತಿದ್ದೂ ನುಡಿಸಿದಿರಾ? ಸೆಕೆಗೆ ಸರಿಹೋಗುತ್ತೆ ಅಂತ ಅನ್ನಿಸಿತೇ?”

“ನೀನು ಅಷ್ಟೊಂದು ಏರಿಸಿದ್ದೆ, ಸರಿಹೋಗುತ್ತೆ ಅನ್ನೋ ನಂಬಿಕೆ ನನಗಿರಲಿಲ್ಲ.” ಪೂಜ್ಯರು ತಮ್ಮ ಊದಿದ ಬೆರಳುಗಳನ್ನು ನೋಡಿಕೊಂಡರು. “ನಿನ್ನ ಪೂಜಾಗಾನ ಓದಿದ ದಿನದಿಂದ ನನಗೂ ಹೊಟ್ಟೆ ಉರಿಯುತ್ತಿತ್ತು, ತೆಯೊದೋರ್. ಅಂಥದ್ದು ನನ್ನ ಕೈಯಿಂದ ಒಂದೂ ಬಂದಿಲ್ಲ. ಅದಕ್ಕೇ ಬಚ್ಚಿಟ್ಟೆ. ಇವತ್ತಿನ ಅವಮಾನ ನನಗೆ ಸಲ್ಲಬೇಕಾದದ್ದು ಅಂತಲೇ ಬಂದು ಕೂತೆ.”

ಊರೇ ಸಂತರೆಂದು ಕೈಮುಗಿಯುವ ಹಿರಿಯರು, ತೆಯೊದೋರ್ ಮುಚ್ಚಿಟ್ಟುಕೊಂಡಿದ್ದ ರೋಗವನ್ನೇ ತಮ್ಮದೆಂದು ಅವನ ಮುಂದೆ ತೆರೆದಿಟ್ಟಿದ್ದರು. ಅವರು ಆರ್ಗನ್ನಿನ ಕಾಲುಮಣೆ ತುಳಿಯಲು ಹಾಕುವ ಪಾದರಕ್ಷೆ ಕಳಚಲು ಬಗ್ಗಿದರು. ಬೆರಳುಗಳಿಗೆ ದಾರದ ಗಂಟು ಬಿಚ್ಚಲಾಗಲಿಲ್ಲ. ಅವನು ಮಂಡಿಯೂರಿ ಆ ಗಂಟನ್ನು ಬಿಚ್ಚಿದನು. ಬಿಚ್ಚುತ್ತಾ ಬಿಚ್ಚುತ್ತಾ ಚಿಕ್ಕ ಮಗುವಿನಂತೆ ಅತ್ತನು. ಅಂದಿನಿಂದ ಅವರ ಪಾದರಕ್ಷೆ ತೊಡಿಸುವುದೂ ಕಳಚುವುದೂ ಅವನ ನಿತ್ಯಸೇವೆಯಾಯಿತು.

ಆ ವರ್ಷದ ಈಸ್ಟರ್ ಹಬ್ಬಕ್ಕೆ ತೆಯೊದೋರನ ಪೂಜಾಗಾನವನ್ನೇ ಹಾಡಬೇಕೆಂದು ಬ್ರದರ್ ಅವರು ಪಟ್ಟು ಹಿಡಿದರು. ತಾವು ಪಕ್ಕದಲ್ಲಿ ಕುಳಿತು ಅವನೇ ನುಡಿಸುವಂತೆ ಮಾಡಿದರು. ಜನ ಕೆಮ್ಮಲಿಲ್ಲ, ಬೆಂಚು ಸರಿಸಲಿಲ್ಲ. ಪೂಜೆ ಮುಗಿದದ್ದೇ ತಡ, ಸಂತೆಯ ಮುದುಕಿಯೊಬ್ಬಳು ಏದುಸಿರು ಬಿಡುತ್ತಾ ಮೇಲೇರಿ ಬಂದು ಹಿಯರೊನಿಮರ ಕೈಗೆ ಮುತ್ತಿಟ್ಟಳು.

“ಬ್ರದರ್, ನೀವು ಇಷ್ಟು ವರ್ಷ ಮಾಡಿದ್ದೆಲ್ಲ ಒಂದು ತೂಕ, ಇವತ್ತಿನದೇ ಒಂದು ತೂಕ!”

ಅವರು ಗಾಬರಿಯಿಂದ “ಅಯ್ಯೋ ತಾಯಿ, ಇದು ನನ್ನದಲ್ಲ...” ಎಂದು ಬಾಯಿ ತೆರೆದರು.

ಅವರ ಪಾದದ ಬಳಿ ಕುಳಿತು ದಾರ ಬಿಚ್ಚುತ್ತಿದ್ದ ತೆಯೊದೋರ್ ತಲೆಯೆತ್ತಿ ನಕ್ಕನು.

“ಇರಲಿ ಬಿಡಿ ಬ್ರದರ್,” ಎಂದನು. “ಅಜ್ಜಿಗೆ ಹಿಡಿಸಿತಲ್ಲ.”