ಒಂಟಿ ಎಳೆ

"ಬುದ್ಧಿ, ಕಲಿಯಲು ಬಂದವರೇ ಕಲಿಯದೆ ಎದ್ದು ಹೋದರೆ ಕಲಿಸುವವನು ಏನು ಮಾಡಬೇಕು?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಶಿಷ್ಯನ ಹೆಸರು ಶಿವಮಲ್ಲು. ಅವನು ಕೇಳಿದ್ದು ತಿಳಿಯುವ ಆಸೆಯಿಂದಲ್ಲ, ಬೇಸತ್ತು. ಆ ಬೇಸರಕ್ಕೆ ಕಾರಣವಿತ್ತು, ಅದನ್ನು ಮೊದಲು ಹೇಳಬೇಕು.

ಮಠದ ಹಿಂದಿನ ಕಟ್ಟಡದಲ್ಲಿ ಅವನು ಸಂಜೆಶಾಲೆ ನಡೆಸುತ್ತಿದ್ದ. ಚಿಕ್ಕಂದಿನಲ್ಲೇ ಓದು ಬಿಟ್ಟ ದೊಡ್ಡವರು ಅಲ್ಲಿಗೆ ಬರುತ್ತಿದ್ದರು. ಒಂದು ಕೋಣೆಯಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಪಾಠ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್, ಅಂದರೆ ಕೆಲಸ ಸಿಗಲು ಬೇಕಾಗುವಷ್ಟು. ಪಾಠಕ್ಕೆ ಕೂರಿಸಿದರೆ "ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ ಮೇಷ್ಟ್ರೇ?" ಎಂದು ಆಕಳಿಸುತ್ತಿದ್ದರು. ಕಂಪ್ಯೂಟರ್ ಮುಂದೆ ಕೂರಿಸಿದರೆ ಪರದೆಯ ಮೇಲೆ ಬಂದದ್ದನ್ನು ಓದಲಾಗದೆ ಅವನ ಮುಖ ನೋಡುತ್ತಿದ್ದರು. ಎರಡು ಕೋಣೆಗಳ ನಡುವೆ ಓಡಾಡಿ ಅವನಿಗೆ ಸಾಕಾಗಿಹೋಯಿತು. ಕೊನೆಗೆ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿದ. ಮೊದಲು ಪಾಸಾಗಿ ಬನ್ನಿ, ಆಮೇಲೆ ಬೀಗ ತೆಗೆಯುತ್ತೇನೆ ಎಂದ. ಹೀಗೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. ಸರಿಹೋಗಲಿಲ್ಲ. ಜನ ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

ನಿನ್ನೆ ಪುಟ್ಟತಾಯಮ್ಮನೂ ಎದ್ದುಹೋದಳು. ಅವಳು ಹಗಲೆಲ್ಲ ಒಂದು ಉಗ್ರಾಣದಲ್ಲಿ ಮೂಟೆ ಹೊಲಿಯುವ ಹೆಂಗಸು. ಅದೇ ಉಗ್ರಾಣದಲ್ಲಿ ಸರಕಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವ ಕೆಲಸವೊಂದು ಖಾಲಿಯಾಗುವುದಿತ್ತು. ಹತ್ತನೇ ತರಗತಿಯೂ ಆಗಿರಬೇಕು, ಕಂಪ್ಯೂಟರೂ ಬರಬೇಕು ಎಂದಿದ್ದರು. ಅದೊಂದೇ ಆಸೆಗೆ ಅವಳು ಶಾಲೆಗೆ ಬರುತ್ತಿದ್ದಳು. ಬೀಗವನ್ನು ನೋಡುತ್ತ ನಿಂತು, "ನಾನು ಪಾಸಾಗೋ ಹೊತ್ತಿಗೆ ಆ ಕುರ್ಚಿ ಮೇಲೆ ಇನ್ಯಾರೋ ಕೂತಿರ್ತಾರೆ. ನಿಮ್ಮ ಬೀಗಾನ ನೀವೇ ಜೋಪಾನ ಮಾಡ್ಕೊಳ್ಳಿ ಮೇಷ್ಟ್ರೇ" ಎಂದು ಹೊರಟುಹೋದಳು.

ಶಿವಮಲ್ಲು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. "ತಪ್ಪು ನನ್ನದಲ್ಲ ಬುದ್ಧಿ. ಈ ವಯಸ್ಸಿನವರ ತಲೆಗೆ ಏನೂ ಹತ್ತುವುದಿಲ್ಲ. ಹತ್ತಿದ್ದೂ ನಿಲ್ಲುವುದಿಲ್ಲ. ತಾಳ್ಮೆಯಂತೂ ಮೊದಲೇ ಇಲ್ಲ."

"ತಾಳ್ಮೆ ಯಾರಿಗಿಲ್ಲ ಎನ್ನುವುದು ಕಾಣುತ್ತಲೇ ಇದೆ. ಕೂತುಕೋ" ಎಂದ ಗುರುಗಳು ಕತೆ ಹೇಳಿದರು.

ಒಬ್ಬ ರೈತ ಒಂದು ಹಸು ತಂದ. ತುಂಟ ಹಸು. ಕಟ್ಟದಿದ್ದರೆ ಕಂಡವರ ಹೊಲಕ್ಕೆ ನುಗ್ಗುತ್ತಿತ್ತು. ಕಟ್ಟಲು ಹಗ್ಗ ಬೇಕು. ಮನೆಯಲ್ಲಿ ಕತ್ತಾಳೆ ನಾರಿತ್ತು, ಹೊಸೆಯಲು ಕೂತ. ಹಗ್ಗಕ್ಕೆ ಎರಡು ಎಳೆ ಬೇಕು ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಎರಡನ್ನೂ ಒಟ್ಟಿಗೆ ಹೊಸೆಯುವುದು ಗೋಜಲು, ಒಂದನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಹಿಡಿಯೋಣ ಎಂದುಕೊಂಡ. ಮೊದಲ ಎಳೆಯನ್ನು ಬಿಗಿಯಾಗಿ ಹೊಸೆದು ನೆಲಕ್ಕಿಟ್ಟ. ಎರಡನೆಯದಕ್ಕೆ ನಾರು ಎತ್ತಿಕೊಳ್ಳುವಷ್ಟರಲ್ಲಿ ಮೊದಲನೆಯದು ಬಿಚ್ಚಿಕೊಂಡಿತು. ಒಂಟಿ ಎಳೆಯ ಗುಣವೇ ಹಾಗೆ. ಕೈ ಬಿಟ್ಟ ಕೂಡಲೇ ಹಿಂದಕ್ಕೆ ತಿರುಗಿ ಮತ್ತೆ ಬರೀ ನಾರಾಗುತ್ತದೆ. ಅವನು ಮತ್ತೆ ಹೊಸೆದ, ಇನ್ನೂ ಬಿಗಿಯಾಗಿ. ಅದು ಇನ್ನೂ ಬೇಗ ಬಿಚ್ಚಿಕೊಂಡಿತು. ಅಂಗೈ ಉರಿಯತೊಡಗಿತು. "ದರಿದ್ರ ನಾರು!" ಎಂದು ಬೈದು ಎಲ್ಲವನ್ನೂ ಅಂಗಳಕ್ಕೆ ಎಸೆದ. ಅಷ್ಟು ಹೊತ್ತಿಗೆ ಹಸು ಪಕ್ಕದವರ ಹುರುಳಿ ಹೊಲದಲ್ಲಿತ್ತು.

ಹೆಂಡತಿ ಹೊರಗೆ ಬಂದಳು. "ಹಗ್ಗ ಎಲ್ಲಿ? ಹಸುನ ನಿಮ್ಮ ಬೈಗುಳದಲ್ಲೇ ಕಟ್ಟಿಹಾಕ್ತೀರಾ?"

"ನಾರೇ ಸರಿಯಿಲ್ಲ ಕಣೇ. ಎಷ್ಟು ಹೊಸೆದರೂ ನಿಲ್ಲೋದಿಲ್ಲ."

"ಒಂದನ್ನೇ ಹೊಸೆದು ಬಿಟ್ಟರೆ ಅದು ಯಾವುದನ್ನ ಹಿಡ್ಕೊಂಡು ನಿಲ್ಲಬೇಕು?"

ಗುರುಗಳು ಇಷ್ಟು ಹೇಳಿ, ಶಿಷ್ಯನಿಗೆ ಅನುಮಾನ ಉಳಿಯಬಾರದೆಂದು ಬಿಡಿಸಿಯೂ ಹೇಳಿದರು. ಎರಡು ಎಳೆಗಳನ್ನು ಜೊತೆಯಲ್ಲೇ ಹೊಸೆದು ಒಂದಕ್ಕೊಂದು ಸುತ್ತಿದರೆ, ಇದು ಬಿಚ್ಚಿಕೊಳ್ಳಲು ಹೋದಾಗ ಅದು ಹಿಡಿಯುತ್ತದೆ. ಅದು ಬಿಚ್ಚಿಕೊಳ್ಳಲು ಹೋದಾಗ ಇದು ಹಿಡಿಯುತ್ತದೆ. ಹಗ್ಗ ಎಂದರೆ ಅಷ್ಟೇ.

ಶಿವಮಲ್ಲುವಿಗೆ ಅರ್ಥವಾಯಿತು. ಪರೀಕ್ಷೆಯ ಪಾಠ ಒಂದು ಎಳೆ, ಕಂಪ್ಯೂಟರ್ ಇನ್ನೊಂದು. ಪುಟ್ಟತಾಯಮ್ಮನಿಗೆ ಕೂಡುವುದು ಕಳೆಯುವುದನ್ನು ಉಗ್ರಾಣದ ಮೂಟೆಗಳ ಲೆಕ್ಕದಲ್ಲಿ, ಆ ಪರದೆಯ ಮೇಲೆಯೇ ಹೇಳಿಕೊಟ್ಟಿದ್ದರೆ ಅವಳು ಆಕಳಿಸುತ್ತಿರಲಿಲ್ಲ. ಪರದೆಯ ಮೇಲಿನ ಪದಗಳನ್ನೇ ಅಂದಿನ ಇಂಗ್ಲಿಷ್ ಪಾಠ ಮಾಡಿದ್ದರೆ ಅವನ ಮುಖವನ್ನೂ ನೋಡುತ್ತಿರಲಿಲ್ಲ. ಅವನು ಜೇಬಿನಿಂದ ಬೀಗದ ಕೈ ತೆಗೆದ.

"ಗೊತ್ತಾಯಿತು ಬುದ್ಧಿ. ಇವತ್ತೇ ಬೀಗ ತೆಗೆಯುತ್ತೇನೆ. ಎರಡನ್ನೂ ಒಂದೇ ಕೋಣೆಯಲ್ಲಿ ಕಲಿಸುತ್ತೇನೆ. ಬಾಗಿಲು ತೆರೆದಿಟ್ಟು ಕೂತಿರುತ್ತೇನೆ, ಬೇಕಾದವರು ಬರಲಿ" ಎಂದ.

ಗುರುಗಳು ಹಣೆ ಒತ್ತಿಕೊಂಡರು.

"ಅಂಗಳಕ್ಕೆ ಎಸೆದ ನಾರು ಕೆಟ್ಟಿರಲಿಲ್ಲ ಶಿವಮಲ್ಲು, ಆದರೆ ಅದು ತಾನಾಗಿ ಎದ್ದು ರೈತನ ಕೈಗೆ ಬರಲೂ ಇಲ್ಲ."